ರಾಯಚೂರು ಯುದ್ಧದ ಬಗ್ಗೆ ಶಾಲಾ ಪ್ರಾಜೆಕ್ಟ್: ನೆಟ್‌ನಲ್ಲಿ ಹುಡುಕುವ ಮಕ್ಕಳು, ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲ್ ಮಕ್ಕಳಿಗೆ "ಒಂದು ಐತಿಹಾಸಿಕ ಯುದ್ಧದ ಬಗ್ಗೆ ಮಾಹಿತಿ ಸಂಗ್ರಹಿಸಿ ಬನ್ನಿ" ಅಂತ ಹೇಳಿ ಕಳಿಸುತ್ತಾರೆ. ಮಕ್ಕಳು ಮೊಬೈಲ್ ತೆಗೆಯುತ್ತಾರೆ, ಮೊದಲು ಬಂದ ಪುಟವನ್ನು ಕಾಪಿ ಮಾಡುತ್ತಾರೆ, ಡಿಟಿಪಿ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುತ್ತಾರೆ. ಹತ್ತು ಮಕ್ಕಳ ಪ್ರಾಜೆಕ್ಟ್ ತೆರೆದರೆ ಹತ್ತರಲ್ಲೂ ಒಂದೇ ಪಾಣಿಪತ್, ಅದೇ ಸಾಲುಗಳು. ರಾಯಚೂರಿನ ಮಕ್ಕಳು ಹೀಗೆ ಮಾಡುವುದು ನನಗೆ ನಿಜಕ್ಕೂ ಬೇಸರದ ವಿಷಯ. ದಕ್ಷಿಣ ಭಾರತದ ದೊಡ್ಡ ಯುದ್ಧಗಳಲ್ಲಿ ಒಂದು ನಮ್ಮ ಕೋಟೆಗಾಗಿಯೇ ನಡೆದಿದೆ, ಅದರ ಬಗ್ಗೆ ಬರೆದ ಹಳೆಯ ಬರಹಗಳು ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಕೋಟೆ ಇನ್ನೂ ಊರ ನಡುವೆ ನಿಂತಿದೆ. ಮಕ್ಕಳು, ಪಾಲಕರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪಾಣಿಪತ್ ಬಿಟ್ಟು ರಾಯಚೂರು ಯುದ್ಧವನ್ನೇ ಯಾಕೆ ಆರಿಸಿಕೊಳ್ಳಬೇಕು?

ಆರಿಸಿಕೊಳ್ಳಲೇಬೇಕು ಅಂತೇನಿಲ್ಲ. ಆದರೆ ಪಾಣಿಪತ್ ಬಗ್ಗೆ ಎಲ್ಲರೂ ಬರೆದಾಗಿದೆ, ಅಲ್ಲಿಗೆ ಹೋಗಿ ನೋಡಲು ನಿಮಗೆ ಆಗುವುದಿಲ್ಲ. ರಾಯಚೂರು ಯುದ್ಧ ನಡೆದದ್ದು 1520ರಲ್ಲಿ, ಮೊದಲನೇ ಪಾಣಿಪತ್ ಯುದ್ಧಕ್ಕಿಂತ ಆರು ವರ್ಷ ಮೊದಲು. ಪಾಣಿಪತ್‌ನಲ್ಲಿ ಬಾಬರ್ ತೋಪು ಬಳಸಿದ ಅಂತ ಪಾಠದಲ್ಲಿ ಓದುತ್ತೀರಿ. ಅದಕ್ಕೂ ಮುಂಚೆ ನಮ್ಮ ಕೃಷ್ಣಾ ತೀರದಲ್ಲಿ ತೋಪುಗಳು ಸಾಲಾಗಿ ಸಿಡಿದಿದ್ದವು. ಇದೊಂದೇ ಸಾಲಿನಿಂದ ಪ್ರಾಜೆಕ್ಟ್ ಶುರು ಮಾಡಿ ನೋಡಿ, ನಿಮ್ಮ ಟೀಚರ್ ಮುಂದಿನ ಪುಟ ತಿರುಗಿಸುತ್ತಾರೆ.

ಇನ್ನೊಂದು ಕಾರಣವೂ ಇದೆ. ಈ ಯುದ್ಧದ ಬಗ್ಗೆ ಎರಡೂ ಕಡೆಯಿಂದ ಬಂದ ಬರಹಗಳಿವೆ, ಅವೆರಡೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದದೇ ಇರುವುದನ್ನು ಹೇಗೆ ಎದುರಿಸಬೇಕು ಅನ್ನುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ವಿಷಯ ನಮ್ಮ ಭಾಗದಲ್ಲಿ ಸಿಗುವುದು ಕಷ್ಟ.

ಯುದ್ಧದ ಕಥೆ ಸ್ವಲ್ಪದರಲ್ಲಿ ಹೇಳಿ. ಯಾರು ಯಾರ ನಡುವೆ, ಯಾಕೆ?

ವಿಜಯನಗರದ ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ ನಡುವೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ್ ಫಲವತ್ತಾದ ನೆಲ. ಅದರ ಬೀಗದ ಕೈ ಎಂದರೆ ರಾಯಚೂರು ಮತ್ತು ಮುದ್ಗಲ್ ಕೋಟೆಗಳು. ಈ ನೆಲಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ 14ನೇ ಶತಮಾನದಿಂದಲೇ ಬಡಿದಾಡುತ್ತಿದ್ದರು. ಬಹಮನಿ ರಾಜ್ಯ ಒಡೆದ ಮೇಲೆ ಈ ಜಗಳ ಬಿಜಾಪುರದ ಪಾಲಿಗೆ ಬಂತು.

1520ರ ತಕ್ಷಣದ ಕಾರಣವನ್ನು ಪೋರ್ಚುಗೀಸ್ ಬರಹಗಾರ ನೂನಿಜ್ ಹೀಗೆ ಹೇಳುತ್ತಾನೆ: ರಾಯ ಕುದುರೆ ಕೊಳ್ಳಲು ಸೀದೆ ಮರ್ಕಾರ್ ಎಂಬ ವ್ಯಾಪಾರಿಯ ಕೈಗೆ 40,000 ಪರ್ದಾವ್ ಕೊಟ್ಟು ಗೋವಾ ಕಡೆ ಕಳಿಸಿದ. ಆತ ದುಡ್ಡಿನ ಸಮೇತ ಆದಿಲ್ ಶಾಹನ ಆಶ್ರಯಕ್ಕೆ ಓಡಿಹೋದ. ರಾಯ ಅವನನ್ನು ಒಪ್ಪಿಸಿ ಅಂದ, ಅವರು ಒಪ್ಪಿಸಲಿಲ್ಲ. ಪರ್ದಾವ್ ಎಂದರೆ ಆಗ ಓಡಾಡುತ್ತಿದ್ದ ಚಿನ್ನದ ನಾಣ್ಯ. ಇದು ನೆಪ, ಅಷ್ಟೇ. ನಿಜವಾದ ಕಾರಣ ದೋಆಬ್ ನೆಲ. ನಿಮ್ಮ ಪ್ರಾಜೆಕ್ಟ್‌ನಲ್ಲಿ ನೆಪ ಯಾವುದು, ಮೂಲ ಕಾರಣ ಯಾವುದು ಅಂತ ಎರಡನ್ನೂ ಬೇರೆ ಬೇರೆ ಬರೆಯಿರಿ.

ನೂನಿಜ್ ಹೇಳುವಂತೆ ರಾಯನ ಸೈನ್ಯ ರಾಯಚೂರಿಗೆ ಮುತ್ತಿಗೆ ಹಾಕಿತು. ಆದಿಲ್ ಶಾಹ ಕೋಟೆ ಉಳಿಸಲು ಕೃಷ್ಣಾ ದಾಟಿ ಬಂದ. ಹೋರಾಟ ಶುರುವಾದಾಗ ಬಿಜಾಪುರದ ತೋಪುಗಳೆಲ್ಲ ಒಟ್ಟಿಗೆ ಸಿಡಿದು ರಾಯನ ಮುಂದಿನ ಸಾಲು ಚೆದುರಿಹೋಯಿತು. ಆಗ ಕೃಷ್ಣದೇವರಾಯ ಕೈಯ ಉಂಗುರ ತೆಗೆದು ಒಬ್ಬ ಸೇವಕನಿಗೆ ಕೊಟ್ಟ, ನಾನು ಸತ್ತರೆ ಗುರುತಿಗೆ ರಾಣಿಯರಿಗೆ ತೋರಿಸು ಅಂತ. ಆಮೇಲೆ ತಾನೇ ಕುದುರೆ ಏರಿ ಉಳಿದ ದಂಡಿನೊಂದಿಗೆ ನುಗ್ಗಿದ. ಬಿಜಾಪುರದ ಸೈನ್ಯ ಹಿಮ್ಮೆಟ್ಟಿ ನದಿಯ ಪಾಲಾಯಿತು. ಆದಿಲ್ ಶಾಹ ಹೇಗೋ ತಪ್ಪಿಸಿಕೊಂಡ. ರಾಯ ಮತ್ತೆ ಕೋಟೆಗೆ ತಿರುಗಿ ಬಂದು ಅದನ್ನೂ ಗೆದ್ದ.

ಎಲ್ಲಿಂದ ಹುಡುಕಲು ಶುರು ಮಾಡಲಿ? ವಿಕಿಪೀಡಿಯ ನೋಡಬಾರದು ಅಂತಾರಲ್ಲ?

ನೋಡಿ, ಏನೂ ತಪ್ಪಿಲ್ಲ. ಅಲ್ಲೇ ನಿಲ್ಲಬೇಡಿ ಅಷ್ಟೇ. ವಿಕಿಪೀಡಿಯ ಪುಟದ ಕೆಳಗೆ ಅಡಿಟಿಪ್ಪಣಿ ಇರುತ್ತದೆ, ನಿಮಗೆ ಬೇಕಾದದ್ದು ಅದು. ಮೇಲಿನ ಸಾಲಿಗೆ ಆಧಾರ ಯಾವ ಪುಸ್ತಕ, ಆ ಪುಸ್ತಕ ನೆಟ್‌ನಲ್ಲಿ ಇದೆಯಾ ಅಂತ ನೋಡಿ. ಆಧಾರ ಇಲ್ಲದ ಸಾಲನ್ನು ನೋಟ್‌ಬುಕ್‌ಗೆ ಇಳಿಸಬೇಡಿ, ಎಷ್ಟೇ ಚೆನ್ನಾಗಿದ್ದರೂ.

ಆಮೇಲೆ ಇಂಟರ್ನೆಟ್ ಆರ್ಕೈವ್‌ಗೆ ಹೋಗಿ. ಹಳೆಯ ಪುಸ್ತಕಗಳನ್ನು ಪುಟ ಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ, ಓದಲು ದುಡ್ಡು ಬೇಡ. ರಾಯಚೂರು ಯುದ್ಧಕ್ಕೆ ನಿಮಗೆ ಬೇಕಾದ ಮುಖ್ಯ ಪುಸ್ತಕ ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷ್‌ನಲ್ಲಿ ತಂದ 'ಎ ಫಾರ್ಗಾಟನ್ ಎಂಪೈರ್'. ನೂನಿಜ್ ಬರೆದದ್ದರ ಇಂಗ್ಲಿಷ್ ಅನುವಾದ ಪೂರ್ತಿ ಅದರಲ್ಲೇ ಇದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಇದು ಬರೀ ಅಕ್ಷರ ರೂಪದಲ್ಲಿ ಸಿಗುತ್ತದೆ, ಹಳೆಯ ಮೊಬೈಲ್‌ನಲ್ಲೂ ಬೇಗ ತೆರೆಯುತ್ತದೆ, ಒಳಗೆ ಪದ ಹುಡುಕಲೂ ಬರುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಹಳ್ಳಿಯವರು ಒಮ್ಮೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ.

ಕನ್ನಡದಲ್ಲಿ ಬೇಕು ಅಂದರೆ ರಾಜ್ಯ ಸರ್ಕಾರದ 'ಕಣಜ' ಜಾಲತಾಣ ನೋಡಿ. ವಿಷಯಕ್ಕೆ ಪ್ರವೇಶ ಮಾಡಲು ಅದು ಚೆನ್ನಾಗಿದೆ.

"ರಾಯಚೂರು ಯುದ್ಧ" ಅಂತ ಹುಡುಕಿದರೆ ಏನೇನೋ ಬರುತ್ತದೆ. ಬೇಕಾದ್ದು ಸಿಗ್ತಾ ಇಲ್ಲ. ಏನು ಮಾಡಲಿ?

ಕನ್ನಡದಲ್ಲಿ ಹುಡುಕಿದರೆ ಪರೀಕ್ಷಾ ತಯಾರಿಯ ಪುಟಗಳೇ ಜಾಸ್ತಿ ಬರುತ್ತವೆ. ಇಂಗ್ಲಿಷ್‌ನಲ್ಲಿ ಹುಡುಕಿ. ಆದರೆ ಇಲ್ಲೊಂದು ತೊಡಕಿದೆ. ಹಳೆಯ ಪುಸ್ತಕಗಳಲ್ಲಿ ಹೆಸರುಗಳು ಈಗಿನ ಹಾಗೆ ಇಲ್ಲ. ನೂನಿಜ್ ಕೈಯಲ್ಲಿ ರಾಯಚೂರು 'ರಾಚೋಲ್' ಆಗಿದೆ, ವಿಜಯನಗರ 'ಬಿಸ್ನಗ' ಆಗಿದೆ, ಕೃಷ್ಣರಾಯ 'ಕ್ರಿಸ್ನರಾವ್' ಆಗಿದ್ದಾನೆ, ಆದಿಲ್ ಶಾಹ 'ಇದಲ್ಕಾವ್' ಆಗಿದ್ದಾನೆ. ನೀವು ಈಗಿನ ಹೆಸರು ಹಾಕಿದರೆ ಆ ಪುಟಗಳು ಹೇಗೆ ಸಿಗುತ್ತವೆ? ಸೀವೆಲ್ ಪುಸ್ತಕದಲ್ಲಿ ಈ ಹೆಸರುಗಳ ಸ್ಪೆಲಿಂಗ್ ನೋಡಿಕೊಂಡು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಜೊತೆಗೆ ಒಂದು ಎಚ್ಚರಿಕೆ. ರಾಚೋಲ್ ಅನ್ನುವ ಊರು ಗೋವಾದಲ್ಲೂ ಇದೆ, ಅಲ್ಲೂ ಹಳೆಯ ಕೋಟೆ ಇತ್ತು, ದೊಡ್ಡ ಸೆಮಿನರಿ ಇದೆ. ಆ ಫೋಟೊ ತಂದು ರಾಯಚೂರು ಕೋಟೆ ಅಂತ ಅಂಟಿಸಬೇಡಿ.

ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ರಾಯಚೂರು, ಬಳ್ಳಾರಿ ಎರಡರ ಸ್ಪೆಲಿಂಗೂ ಬೇರೆ ಬೇರೆ ರೀತಿ ಇದೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದು ಹಾಕಿ ನೋಡಿ.

ಈ ನೂನಿಜ್ ಯಾರು? ಅವನು ಹೇಳಿದ್ದನ್ನು ಯಾಕೆ ನಂಬಬೇಕು?

ಫೆರ್ನಾವ್ ನೂನಿಜ್ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ. ವಿಜಯನಗರದಲ್ಲಿ ಇದ್ದದ್ದು ಸುಮಾರು 1535ರಿಂದ 1537ರವರೆಗೆ, ಅಂದರೆ ಅಚ್ಯುತರಾಯನ ಕಾಲದಲ್ಲಿ. ಯುದ್ಧ ಆದದ್ದು 1520ರಲ್ಲಿ. ಹಾಗಾದರೆ ಅವನು ಕಣ್ಣಾರೆ ನೋಡಿದವನಲ್ಲ, ನೋಡಿದವರಿಂದ ಕೇಳಿ ಬರೆದವನು. ಎಷ್ಟೋ ಪುಟಗಳಲ್ಲಿ ಅವನನ್ನು "ಪ್ರತ್ಯಕ್ಷದರ್ಶಿ" ಅಂತ ಬರೆದಿರುತ್ತಾರೆ. ಅದು ತಪ್ಪು, ನೀವು ಬರೆಯಬೇಡಿ.

ಆದರೆ ಅವನನ್ನು ತಳ್ಳಿಹಾಕಲೂ ಆಗದು. ಯುದ್ಧದಲ್ಲಿದ್ದ ಜನ ಆಗಿನ್ನೂ ಬದುಕಿದ್ದ ಕಾಲ ಅದು. ಬಂದೂಕು ಹಿಡಿದು ಮುತ್ತಿಗೆಯಲ್ಲಿ ಭಾಗವಹಿಸಿದ ಪೋರ್ಚುಗೀಸರ ಸುದ್ದಿ ಅವನಿಗೆ ಸಿಕ್ಕಿದೆ. ವಿವರಗಳು ಅಷ್ಟು ಹತ್ತಿರದಿಂದ ಬಂದಂತಿವೆ.

ಒಂದು ಉದಾಹರಣೆ ಕೊಡುತ್ತೇನೆ, ಇದನ್ನು ಓದಿದ ಮೇಲೆ ಕೋಟೆ ಗೋಡೆ ನಿಮಗೆ ಬೇರೆಯಾಗೇ ಕಾಣುತ್ತದೆ. ಕೋಟೆ ಒಡೆಯಲು ರಾಯನ ಕಡೆಯ ಸೈನಿಕರು ಗುದ್ದಲಿ, ಹಾರೆ ಹಿಡಿದು ಗೋಡೆಯ ಬುಡಕ್ಕೇ ಹೋದರು. ಮೇಲಿನಿಂದ ಗುಂಡು, ಕಲ್ಲು ಸುರಿಯುತ್ತಿವೆ, ಜನ ಸಾಯುತ್ತಿದ್ದಾರೆ. ಆಗ ದಂಡನಾಯಕರು ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ದುಡ್ಡು ಕೊಡಲು ಶುರು ಮಾಡಿದರು, ಕಲ್ಲು ದೊಡ್ಡದಾದಷ್ಟೂ ಬೆಲೆ ಜಾಸ್ತಿ. ಜನ ಜೀವದ ಹಂಗು ಬಿಟ್ಟು ಕಲ್ಲು ಕೀಳಲು ಹೋದರು. ಇದು ಶೌರ್ಯದ ಕಥೆಯಾ, ಬಡತನದ ಕಥೆಯಾ? ನಿಮ್ಮ ಪ್ರಾಜೆಕ್ಟ್‌ನಲ್ಲಿ ಈ ಪ್ರಶ್ನೆ ಎತ್ತಿ, ನಿಮಗೆ ಅನ್ನಿಸಿದ್ದನ್ನು ಬರೆಯಿರಿ. ರಾಜರ ಹೆಸರು ಎಲ್ಲ ಪುಸ್ತಕದಲ್ಲೂ ಇದೆ. ಕಲ್ಲು ಕಿತ್ತವರ ಹೆಸರು ಎಲ್ಲೂ ಇಲ್ಲ, ಅವರ ಸುದ್ದಿ ಉಳಿದಿರುವುದು ಇಂಥ ಒಂದೆರಡು ಸಾಲಿನಲ್ಲಿ ಮಾತ್ರ.

ಕೆಲವು ಕಡೆ 1520 ಅಂತಿದೆ, ಕೆಲವು ಕಡೆ 1522 ಅಂತಿದೆ. ಯಾವುದು ಸರಿ?

1520. ತಾರೀಖು ಮೇ 19, ಶನಿವಾರ.

1522 ಬಂದದ್ದು ನೂನಿಜ್‌ನಿಂದಲೇ, ಅವನು ಆ ವರ್ಷ ಬರೆದಿದ್ದಾನೆ. ಸೀವೆಲ್ ಕೂತು ಲೆಕ್ಕ ಹಾಕಿದ. ನೂನಿಜ್ ಹೇಳುವ ವಾರ, ಚಂದ್ರನ ಲೆಕ್ಕ ಯಾವ ವರ್ಷಕ್ಕೆ ಹೊಂದುತ್ತದೆ ಅಂತ ನೋಡಿದ. ಪೋರ್ಚುಗೀಸರ ದಾಖಲೆಗಳನ್ನೂ ನೋಡಿದ. ಈ ಯುದ್ಧದ ಗಡಿಬಿಡಿಯಲ್ಲಿ ಅವರು ಗೋವಾ ಪಕ್ಕದ ಬಿಜಾಪುರದ ನೆಲವನ್ನು ಹಿಡಿದುಕೊಂಡಿದ್ದರು, ಆಗ ಅವರ ಗವರ್ನರ್ ಸೆಕೇರಾ ಕೆಂಪು ಸಮುದ್ರದ ಕಡೆ ಹೋಗಿದ್ದ. ಅದೆಲ್ಲ 1520ಕ್ಕೆ ಕೂಡುತ್ತದೆ. ಈಗ ಇತಿಹಾಸಕಾರರು ಸಾಮಾನ್ಯವಾಗಿ ಇದೇ ತಾರೀಖನ್ನು ಬಳಸುತ್ತಾರೆ.

ಒಂದು ಕೆಲಸ ಮಾಡಿ ನೋಡಿ. ನೆಟ್‌ನಲ್ಲಿ ವಾರ ಹೇಳುವ ಕ್ಯಾಲೆಂಡರ್‌ಗಳಿವೆ. ಅದರಲ್ಲಿ 1520 ಮೇ 19 ಹಾಕಿದರೆ ಎಷ್ಟೋ ಕಡೆ ಬುಧವಾರ ಅಂತ ತೋರಿಸುತ್ತದೆ. ಗಾಬರಿ ಬೇಡ. ನಾವು ಈಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಬಂದದ್ದು 1582ರಲ್ಲಿ, ಅದಕ್ಕೂ ಮೊದಲಿನ ತಾರೀಖುಗಳು ಜೂಲಿಯನ್ ಕ್ಯಾಲೆಂಡರ್ ಲೆಕ್ಕದವು. ಜೂಲಿಯನ್ ಆಯ್ಕೆ ಇರುವ ಕಡೆ ಹಾಕಿ, ಶನಿವಾರ ಬರುತ್ತದೆ. ಇದನ್ನು ಪ್ರಾಜೆಕ್ಟ್‌ನಲ್ಲಿ ಅರ್ಧ ಪುಟ ಬರೆದರೂ ಸಾಕು, ನೀವು ಸ್ವತಃ ಪರೀಕ್ಷೆ ಮಾಡಿದ್ದೀರಿ ಅನ್ನುವುದು ಗೊತ್ತಾಗುತ್ತದೆ.

ಕೃಷ್ಣದೇವರಾಯನ ಸೈನ್ಯ ಏಳು ಲಕ್ಷ ಅಂತಾರೆ. ನಿಜಾನಾ?

ಆ ಸಂಖ್ಯೆಯೂ ನೂನಿಜ್‌ದೇ. ಅವನು ಒಬ್ಬೊಬ್ಬ ನಾಯಕನ ದಂಡಿನ ಲೆಕ್ಕ ಕೊಡುತ್ತಾ ಹೋಗುತ್ತಾನೆ. ಎಲ್ಲ ಕೂಡಿಸಿದರೆ 7,03,000 ಕಾಲಾಳು, 32,600 ಕುದುರೆ, 551 ಆನೆ ಆಗುತ್ತದೆ. ಬಿಜಾಪುರದ ಕಡೆ 1,20,000 ಕಾಲಾಳು, 18,000 ಕುದುರೆ, 150 ಆನೆ ಅನ್ನುತ್ತಾನೆ.

ಈಗ ನೀವೇ ಯೋಚಿಸಿ. ಏಳು ಲಕ್ಷ ಜನ ಬೇಸಿಗೆಯ ಕೊನೆಯಲ್ಲಿ ರಾಯಚೂರಿಗೆ ಬಂದರೆ ಕುಡಿಯಲು ನೀರು ಎಲ್ಲಿಂದ? ಮೇ ತಿಂಗಳಲ್ಲಿ ನಮ್ಮೂರು ಹೇಗಿರುತ್ತದೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಕುದುರೆಗೆ ಹುಲ್ಲು, ಆನೆಗೆ ಮೇವು, ಇಷ್ಟು ಜನಕ್ಕೆ ದಿನಾ ಜೋಳ. ಸಂಖ್ಯೆ ದೊಡ್ಡದಾಗಿಸಿ ಹೇಳಿರಬಹುದು ಅಂತ ಅನುಮಾನ ಪಡಲು ಇಷ್ಟು ಸಾಕು. ದಂಡಿನ ಹಿಂದೆ ಬರುವ ವ್ಯಾಪಾರಿಗಳು, ಅಡುಗೆಯವರು, ಹೊರೆಯಾಳುಗಳು ಕೂಡ ಲೆಕ್ಕದಲ್ಲಿ ಸೇರಿರಬಹುದು.

ಹಾಗಂತ ಸಂಖ್ಯೆಯನ್ನು ಬಿಟ್ಟುಬಿಡಬೇಡಿ. "ನೂನಿಜ್ ಪ್ರಕಾರ ಇಷ್ಟು" ಅಂತ ಬರೆದು, ಯಾಕೆ ಅನುಮಾನ ಅನ್ನುವುದನ್ನು ಕೆಳಗೆ ಬರೆಯಿರಿ. "ರಾಯನ ಬಳಿ ಏಳು ಲಕ್ಷ ಸೈನ್ಯವಿತ್ತು" ಅಂತ ಸೀದಾ ಬರೆದರೆ ಅದು ನಿಮ್ಮ ಮಾತಾಗಿಬಿಡುತ್ತದೆ. ಯಾರ ಪ್ರಕಾರ ಅನ್ನುವ ಒಂದು ಪದ ಸೇರಿಸಲು ಎಷ್ಟು ಹೊತ್ತು ಬೇಕು? ಆ ಒಂದು ಪದಕ್ಕಾಗಿಯೇ ನಾನು ಮಕ್ಕಳ ಹಿಂದೆ ಬೀಳುತ್ತೇನೆ.

ಬಿಜಾಪುರದ ಕಡೆಯವರು ಏನು ಬರೆದಿದ್ದಾರೆ?

ಇದನ್ನು ಕೇಳುವ ಮಕ್ಕಳು ಕಡಿಮೆ, ಕೇಳಿದವರನ್ನು ಕಂಡರೆ ಖುಷಿಯಾಗುತ್ತದೆ.

ಫೆರಿಷ್ತಾ ಎಂಬ ಇತಿಹಾಸಕಾರ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿದ್ದ. ಪರ್ಷಿಯನ್ ಭಾಷೆಯಲ್ಲಿ ಬರೆದ. ಯುದ್ಧ ಮುಗಿದು ಎಂಬತ್ತು ವರ್ಷಕ್ಕೂ ಜಾಸ್ತಿ ಆದ ಮೇಲೆ ಬರೆದದ್ದು. ಜಾನ್ ಬ್ರಿಗ್ಸ್ 1829ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಇಂಟರ್ನೆಟ್ ಆರ್ಕೈವ್‌ನಲ್ಲಿದೆ.

ಅವನ ಕಥೆ ಕೇಳಿ. ರಾಯಚೂರು, ಮುದ್ಗಲ್ ಆಗಲೇ ವಿಜಯನಗರದ ಕೈಯಲ್ಲಿದ್ದವು, ಅವನ್ನು ವಾಪಸ್ ಪಡೆಯಲು ಇಸ್ಮಾಯಿಲ್ ಹೊರಟ ಅನ್ನುತ್ತಾನೆ. ನದಿ ದಂಡೆಯಲ್ಲಿ ಡೇರೆ ಹಾಕಿಕೊಂಡು ಸುಲ್ತಾನ ಮದ್ಯ ಕುಡಿದ ಅಮಲಿನಲ್ಲಿ ಈಗಲೇ ನದಿ ದಾಟಬೇಕು ಅಂದ. ತೆಪ್ಪಗಳು ಸಾಕಷ್ಟು ತಯಾರಿರಲಿಲ್ಲ. ಇದ್ದಷ್ಟು ಜನ, ಆನೆ ಸೇರಿ ದಾಟಿದರು, ಎದುರಿಗೆ ದೊಡ್ಡ ಸೈನ್ಯ, ಸೋತರು, ವಾಪಸ್ ಬರುವಾಗ ನದಿಯಲ್ಲಿ ಎಷ್ಟೋ ಜನ ಮುಳುಗಿದರು. ರಾಯಚೂರು, ಮುದ್ಗಲ್ ಗೆಲ್ಲುವವರೆಗೂ ಮದ್ಯ ಮುಟ್ಟುವುದಿಲ್ಲ ಅಂತ ಸುಲ್ತಾನ ಆಣೆ ಮಾಡಿದ.

ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಯುದ್ಧಕ್ಕೆ ಮೊದಲು ಕೋಟೆ ಯಾರ ಕೈಯಲ್ಲಿತ್ತು ಅನ್ನುವುದರಲ್ಲೇ ಇಬ್ಬರಿಗೂ ಹೊಂದುವುದಿಲ್ಲ. ನೂನಿಜ್‌ಗೆ ಇದು ರಾಯನ ದೊಡ್ಡ ಗೆಲುವು. ಫೆರಿಷ್ತಾನ ಪ್ರಕಾರ ಅಮಲಿನಲ್ಲಿ ಆದ ಒಂದು ಅನಾಹುತ, ಅಂದರೆ ಬಿಜಾಪುರದ ಸೈನ್ಯ ಕೈಲಾಗದೆ ಸೋತದ್ದಲ್ಲ ಅನ್ನುವ ಧಾಟಿ. ಸೋತ ಮನೆಯ ಆಸ್ಥಾನದಲ್ಲಿ ಕೂತು ಬರೆಯುವವನಿಗೆ ಹಾಗೆ ಬರೆಯುವುದು ಸುಲಭ, ಗೆದ್ದ ಊರಲ್ಲಿ ಕೂತು ಬರೆದ ನೂನಿಜ್‌ಗೆ ಇನ್ನೊಂದು ರೀತಿ ಸುಲಭ. ಆದರೂ ಕೆಲವು ವಿಷಯದಲ್ಲಿ ಇಬ್ಬರೂ ಒಂದೇ ಮಾತು ಹೇಳುತ್ತಾರೆ: ಬಿಜಾಪುರದ ಸೈನ್ಯ ನದಿ ದಾಟಿ ಬಂತು, ಸೋತಿತು, ನದಿಯಲ್ಲಿ ತುಂಬಾ ಜನ ಸತ್ತರು. ಎದುರಾಳಿ ಕಡೆಯ ಇಬ್ಬರೂ ಒಪ್ಪುವ ಸಂಗತಿಯನ್ನು ಧೈರ್ಯವಾಗಿ ಬರೆಯಬಹುದು. ಉಳಿದದ್ದಕ್ಕೆ ಹೆಸರು ಸೇರಿಸಿ ಬರೆಯಿರಿ.

ಚಾರ್ಟ್ ಪೇಪರ್‌ನಲ್ಲಿ ಎರಡು ಕಾಲಂ ಹಾಕಿ, ಎಡಕ್ಕೆ ನೂನಿಜ್, ಬಲಕ್ಕೆ ಫೆರಿಷ್ತಾ. ಇಡೀ ಪ್ರಾಜೆಕ್ಟ್‌ಗೆ ಅದೊಂದೇ ಚಾರ್ಟ್ ಸಾಕಾಗುತ್ತದೆ.

ಪೋರ್ಚುಗೀಸರ ಬಂದೂಕಿನಿಂದಲೇ ರಾಯ ಗೆದ್ದ ಅಂತ ಒಂದು ವಿಡಿಯೊದಲ್ಲಿತ್ತು. ಸರಿಯಾ?

ಅಷ್ಟು ಸರಳ ಇಲ್ಲ. ಕ್ರಿಸ್ಟೊವಾವ್ ದೆ ಫಿಗೇರೆದೊ ಎಂಬವನು 20 ಜನ ಪೋರ್ಚುಗೀಸ್ ಬಂದೂಕುಧಾರಿಗಳೊಂದಿಗೆ ಬಂದು ಮುತ್ತಿಗೆಯಲ್ಲಿ ಸಹಾಯ ಮಾಡಿದ್ದನ್ನು ನೂನಿಜ್ ಬರೆಯುತ್ತಾನೆ. ಗೋಡೆ ಮೇಲೆ ತಲೆ ಎತ್ತಿದವರನ್ನು ಇವರು ಹೊಡೆಯುತ್ತಿದ್ದರು, ಅದರಿಂದ ಕೆಳಗೆ ಕಲ್ಲು ಕೀಳುವವರಿಗೆ ಅನುಕೂಲವಾಯಿತು. ಕೊನೆಗೆ ಕೋಟೆಯ ಮುಖ್ಯಾಧಿಕಾರಿ ಹೊರಗೆ ಇಣುಕಿದಾಗ ಹಣೆಗೆ ಗುಂಡು ಬಿದ್ದು ಸತ್ತ, ಆಮೇಲೆ ಕೋಟೆ ಶರಣಾಯಿತು. ಆದರೆ ಇದು ಮುತ್ತಿಗೆಯ ಮಾತು. ನದಿಯ ಹತ್ತಿರದ ದೊಡ್ಡ ಹೋರಾಟ ಅದಕ್ಕೆ ಮುಂಚೆ ಮುಗಿದಿತ್ತು. ಪೋರ್ಚುಗೀಸನೊಬ್ಬ ತನ್ನವರ ಬಗ್ಗೆ ಬರೆಯುವಾಗ ಸ್ವಲ್ಪ ಜಾಸ್ತಿ ಹೊಗಳಿರಬಹುದು ಅನ್ನುವುದನ್ನೂ ಮರೆಯಬೇಡಿ.

ತೋಪಿನ ವಿಷಯದಲ್ಲಿ ಇನ್ನೂ ದೊಡ್ಡ ಪ್ರಶ್ನೆಯಿದೆ. ತೋಪು ಜಾಸ್ತಿ ಇದ್ದದ್ದು ಬಿಜಾಪುರದ ಕಡೆ, ಆದರೂ ಸೋತದ್ದು ಅವರೇ. ರಿಚರ್ಡ್ ಈಟನ್ ಎಂಬ ಇತಿಹಾಸಕಾರರು ಈ ಯುದ್ಧದ ಬಗ್ಗೆ 2009ರಲ್ಲಿ ಒಂದು ಲೇಖನ ಬರೆದಿದ್ದಾರೆ. ಸೋತ ಬಿಜಾಪುರದವರು ತೋಪುಗಳನ್ನು ಸುಧಾರಿಸಿಕೊಂಡರು, ಗೆದ್ದ ವಿಜಯನಗರ ಅದಕ್ಕೆ ಅಷ್ಟು ಮಹತ್ವ ಕೊಡಲಿಲ್ಲ ಅನ್ನುವುದು ಅವರ ವಾದದ ತಿರುಳು. 1565ರ ಜನವರಿ 23ರಂದು ರಕ್ಕಸಗಿ-ತಂಗಡಗಿಯ ಹತ್ತಿರ, ಅಂದರೆ ತಾಳಿಕೋಟೆ ಯುದ್ಧದಲ್ಲಿ, ವಿಜಯನಗರ ಸೋತದ್ದು ನಿಮಗೆ ಗೊತ್ತು. ಹತ್ತನೇ ತರಗತಿಯವರು ಈ ವಾದವನ್ನು ಪ್ರಾಜೆಕ್ಟ್‌ನ ಕೊನೆ ಭಾಗಕ್ಕೆ ಇಟ್ಟುಕೊಳ್ಳಬಹುದು. ಇದು ಒಬ್ಬ ವಿದ್ವಾಂಸರ ಅಭಿಪ್ರಾಯ ಅಂತ ಬರೆಯುವುದನ್ನು ಬಿಡಬೇಡಿ.

ಇದನ್ನು ಹಿಂದೂ-ಮುಸ್ಲಿಂ ಯುದ್ಧ ಅಂತ ಬರೆಯಬಹುದಾ? ನೆಟ್‌ನಲ್ಲಿ ಹಾಗೇ ಇದೆ.

ಬರೆಯಬೇಡಿ. ಆಧಾರಗಳು ಹಾಗೆ ಹೇಳುವುದಿಲ್ಲ. ವಿಜಯನಗರದ ಸೈನ್ಯದಲ್ಲಿ ಮುಸ್ಲಿಂ ಸೈನಿಕರು ಇದ್ದರು, ಎರಡನೇ ದೇವರಾಯನ ಕಾಲದಿಂದಲೇ ಅವರನ್ನು ಸೇರಿಸಿಕೊಳ್ಳುತ್ತಿದ್ದರು, ನೂನಿಜ್ ಕೂಡ ರಾಯನ ಸಂಬಳದಲ್ಲಿದ್ದ ಮುಸ್ಲಿಮರನ್ನು ಹೆಸರಿಸುತ್ತಾನೆ. ಕೃಷ್ಣದೇವರಾಯನಿಗೆ 'ಯವನರಾಜ್ಯ ಸ್ಥಾಪನಾಚಾರ್ಯ' ಅನ್ನುವ ಬಿರುದಿತ್ತು, ಯವನರು ಎಂದರೆ ಇಲ್ಲಿ ಮುಸ್ಲಿಂ ಅರಸರು. ಬೀದರಿನ ಬಹಮನಿ ಸುಲ್ತಾನನನ್ನು ಮತ್ತೆ ಪಟ್ಟಕ್ಕೆ ಕೂರಿಸಿದ್ದಕ್ಕೆ ಬಂದ ಬಿರುದು ಅದು. ಬಹಮನಿಯಿಂದ ಒಡೆದು ಬಂದ ಸುಲ್ತಾನರು ತಮ್ಮ ತಮ್ಮಲ್ಲೇ ಹೊಡೆದಾಡುತ್ತಿದ್ದರು.

ರಾಯಚೂರು ಕೋಟೆಯನ್ನೇ ನೋಡಿ. ಒಳಕೋಟೆಯ ಗೋಡೆಯ ದೊಡ್ಡ ಶಾಸನ 1294ರದ್ದು, ಕಾಕತೀಯರ ಕಾಲದ್ದು. ಆಮೇಲೆ ಬಹಮನಿಗಳು, ಆದಿಲ್ ಶಾಹಿಗಳು, ವಿಜಯನಗರದವರು ಎಲ್ಲರೂ ಅದಕ್ಕೆ ಕಲ್ಲು ಸೇರಿಸಿದ್ದಾರೆ. ನೆಲ, ಕುದುರೆ, ಕಂದಾಯ, ಮರ್ಯಾದೆ, ಇವುಗಳಿಗಾಗಿ ನಡೆದ ಯುದ್ಧ ಇದು. ನಿಮ್ಮ ಪಕ್ಕದ ಬೆಂಚಿನ ಗೆಳೆಯ ಓದಿ ನೊಂದುಕೊಳ್ಳುವಂಥ ಸಾಲನ್ನು ಆಧಾರವಿಲ್ಲದೆ ಬರೆಯಬಾರದು, ಇದು ನನ್ನ ಗಟ್ಟಿ ಅಭಿಪ್ರಾಯ.

ಯೂಟ್ಯೂಬ್, ವಾಟ್ಸಾಪ್‌ನಲ್ಲಿ ಬಂದದ್ದು ಬಳಸಬಹುದಾ?

ಯೂಟ್ಯೂಬ್ ನೋಡಿ, ವಿಷಯದ ರುಚಿ ಹತ್ತುತ್ತದೆ. ಆದರೆ ವಿಡಿಯೊದಲ್ಲಿ ಹೇಳಿದ ಮಾತಿಗೆ ಆಧಾರ ಯಾವುದು ಅಂತ ಹೇಳದಿದ್ದರೆ ಪ್ರಾಜೆಕ್ಟ್‌ಗೆ ಬೇಡ. ವಾಟ್ಸಾಪ್ ಫಾರ್ವರ್ಡ್ ಬೇಡವೇ ಬೇಡ.

ಎಐ ಹತ್ತಿರ ಕೇಳಿದೆ, ಒಂದೇ ನಿಮಿಷದಲ್ಲಿ ಪೂರ್ತಿ ಬರೆದುಕೊಟ್ಟಿತು. ಅದನ್ನೇ ಕೊಟ್ಟರೆ ಏನಾಗುತ್ತದೆ?

ನೀವು ಕಲಿಯುವುದಿಲ್ಲ, ಅದು ಮೊದಲ ನಷ್ಟ. ಎರಡನೆಯದು, ಅದು ತಪ್ಪನ್ನೂ ಸರಿಯನ್ನೂ ಒಂದೇ ಧೈರ್ಯದಲ್ಲಿ ಹೇಳುತ್ತದೆ. ಇಲ್ಲದ ಪುಸ್ತಕದ ಹೆಸರು, ಇಲ್ಲದ ಪುಟ ಸಂಖ್ಯೆ ಕೂಡ ಬರಬಹುದು. ಬೇರೆ ರೀತಿ ಬಳಸಿ. ಸೀವೆಲ್ ಪುಸ್ತಕದ ಒಂದು ಕಷ್ಟದ ಪ್ಯಾರಾ ಹಾಕಿ "ಇದನ್ನು ಸುಲಭ ಕನ್ನಡದಲ್ಲಿ ವಿವರಿಸು" ಅಂತ ಕೇಳಿ. ಬಂದದ್ದನ್ನು ಮೂಲದ ಜೊತೆ ಹೋಲಿಸಿ. ಅದು ಕೊಡುವ ಪ್ರತಿ ಹೆಸರು, ಪ್ರತಿ ವರ್ಷವನ್ನು ಪುಸ್ತಕದಲ್ಲಿ ಹುಡುಕಿ ಸಿಕ್ಕರೆ ಮಾತ್ರ ಇಟ್ಟುಕೊಳ್ಳಿ.

ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ. ಹಳೇ ಪುಸ್ತಕ ಹೇಗೆ ಓದಲಿ?

ಪೂರ್ತಿ ಓದಬೇಡಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಪುಟದಲ್ಲಿ 'ರಾಚೋಲ್' ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಹುಡುಕಿ, ಆ ಪದ ಇರುವ ಪ್ಯಾರಾಗಳನ್ನು ಮಾತ್ರ ತೆಗೆದುಕೊಳ್ಳಿ. ಗೂಗಲ್ ಟ್ರಾನ್ಸ್‌ಲೇಟ್ ಹಾಕಿದರೆ ಅರ್ಥದ ಎಳೆ ಸಿಗುತ್ತದೆ, ಹೆಸರುಗಳು ಕೆಡುತ್ತವೆ. ಹೆಸರುಗಳನ್ನು ನೀವೇ ಸರಿಮಾಡಿ. ದಿನಕ್ಕೆ ಒಂದು ಪ್ಯಾರಾ ಆದರೂ ಸಾಕು. ಇಂಗ್ಲಿಷ್ ಟೀಚರ್ ಹತ್ತಿರ ಹೋಗಿ ಕೇಳಿ, ಅವರು ಬೇಡ ಅನ್ನುವುದಿಲ್ಲ.

ನಾವು ಕೊಪ್ಪಳದವರು, ಬಳ್ಳಾರಿಯವರು. ನಮ್ಮ ಊರಿನ ಯುದ್ಧದ ಬಗ್ಗೆ ಮಾಡಬಹುದಾ?

ಖಂಡಿತ. ಕೊಪ್ಪಳ ಕೋಟೆಯಲ್ಲಿ 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದ, ಒಳ್ಳೆಯ ವಿಷಯ. ಬಳ್ಳಾರಿ ಕೋಟೆಯಲ್ಲಿ ಹೈದರ್ ಅಲಿಯ ಕಾಲದ ಕೆಲಸವಿದೆ. ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ್ನು ಹೈದರ್ ಗಲ್ಲಿಗೇರಿಸಿದ ಅನ್ನುವ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಬರೆಯಿರಿ, ಆದರೆ "ಜನ ಹೀಗೆ ಹೇಳುತ್ತಾರೆ" ಅಂತ ಸೇರಿಸಿ.

ಹುಡುಕುವಾಗ ಒಂದು ವಿಷಯ ಗೊತ್ತಿರಬೇಕು, ಇದು ಗೊತ್ತಿಲ್ಲದೆ ದೊಡ್ಡವರೂ ಸುಮ್ನೆ ಸುತ್ತಾಡುತ್ತಾರೆ. ಹಿಂದೆ ನಮ್ಮ ಮೂರೂ ಜಿಲ್ಲೆಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ಅದಕ್ಕೇ ಬಳ್ಳಾರಿಯ ಹಳೆಯ ಗೆಜೆಟಿಯರ್ (ಜಿಲ್ಲೆಯ ವಿವರಗಳ ಸರ್ಕಾರಿ ಪುಸ್ತಕ), ಶಾಸನಗಳು ಮದ್ರಾಸ್ ಸರ್ಕಾರದ ಪ್ರಕಟಣೆಗಳಲ್ಲಿ, ದಕ್ಷಿಣ ಭಾರತ ಶಾಸನಗಳ 9ನೇ ಸಂಪುಟದಂಥ ಕಡೆ ಸಿಗುತ್ತವೆ. ರಾಯಚೂರಿನದು ಹೈದರಾಬಾದ್ ಪ್ರಕಟಣೆಗಳಲ್ಲಿ. ಮೈಸೂರಿನ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳಲ್ಲಿ ನಮ್ಮ ಊರು ಹುಡುಕಿದರೆ ನಿರಾಸೆಯಾಗುತ್ತದೆ. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ, ಅದಕ್ಕೂ ಹಿಂದಿನ ಪುಸ್ತಕದಲ್ಲಿ ಕೊಪ್ಪಳ ಬೇಕಿದ್ದರೆ ರಾಯಚೂರು ಜಿಲ್ಲೆ ಅಂತ ಹುಡುಕಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದಿದೆ, ಲೈಬ್ರರಿಯಲ್ಲಿ ಕೇಳಿ.

ಚಿತ್ರಗಳು ಎಲ್ಲಿ ಸಿಗುತ್ತವೆ?

ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಕೋಟೆಯ ಫೋಟೊಗಳಿವೆ, ತೆಗೆದವರ ಹೆಸರು ಬರೆದು ಬಳಸಬಹುದು. "ರಾಯಚೂರು ಯುದ್ಧದ ಚಿತ್ರ" ಅಂತ ಬರುವ ಬಣ್ಣದ ಚಿತ್ರಗಳನ್ನು ನಂಬಬೇಡಿ. ತಾಳಿಕೋಟೆಯದ್ದೋ ಪಾಣಿಪತ್‌ನದ್ದೋ ಆಗಿರಬಹುದು, ಈಗೀಗ ಎಐ ಮಾಡಿದ್ದೂ ಇರುತ್ತದೆ. ಗೂಗಲ್ ಲೆನ್ಸ್ ಹಾಕಿ ಮೂಲ ಎಲ್ಲಿದೆ ನೋಡಿ. ಹಂಪಿಯ ಹಜಾರ ರಾಮ ಗುಡಿಯ ಗೋಡೆಯಲ್ಲಿ ಆನೆ, ಕುದುರೆ, ಸೈನಿಕರ ಸಾಲು ಚೆನ್ನಾಗಿದೆ, ಆದರೆ ಆ ಗುಡಿ 15ನೇ ಶತಮಾನದ್ದು. "ವಿಜಯನಗರದ ಸೈನ್ಯ ಹೇಗಿತ್ತು ಅನ್ನುವುದಕ್ಕೆ" ಅಂತ ಬರೆದು ಹಾಕಿ, 1520ರ ಯುದ್ಧ ಅಂತ ಬರೆಯಬೇಡಿ.

ಎಲ್ಲಕ್ಕಿಂತ ಒಳ್ಳೆಯದು ನೀವೇ ತೆಗೆದ ಫೋಟೊ.

ಕೋಟೆಗೆ ಹೋಗಲೇಬೇಕಾ? ನೆಟ್‌ನಲ್ಲೇ ಎಲ್ಲ ಇದೆಯಲ್ಲ?

ಹೋಗಿ. ತೀನ್ ಕಂದೀಲ್ ಕಡೆ ದಿನಾ ಓಡಾಡುವವರೂ ಕೋಟೆಯನ್ನು ನಿಂತು ನೋಡಿರುವುದಿಲ್ಲ. ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ, 1294ರ ಶಾಸನ ಅದರ ಮೇಲೇ ಇದೆ. ಕೋಟೆ ಕಟ್ಟಿಸಿದ್ದನ್ನು ತೆಲುಗಿನಲ್ಲಿ ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಇಲ್ಲಿಗೆ ತಂದದ್ದು ಹೇಗೆ ಅನ್ನುವುದನ್ನೂ ಗೋಡೆಯ ಮೇಲೆ ಗೀರಿದ್ದಾರೆ: ಉದ್ದನೆ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಸಾಲಾಗಿ ಕೋಣಗಳು. ಬಿಸಿಲು ಓರೆಯಾಗಿ ಬೀಳುವ ಹೊತ್ತಲ್ಲಿ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ, ಮಧ್ಯಾಹ್ನ ಹೋದರೆ ಕಾಣುವುದೂ ಇಲ್ಲ, ಬಿಸಿಲೂ ತಡೆಯಲಾಗದು.

ನವರಂಗಿ ದರ್ವಾಜಾ, ಕಾಟಿ ದರ್ವಾಜಾ ನೋಡಿ. ಯುದ್ಧಕ್ಕೆ ಕೆಲವೇ ವರ್ಷ ಮುಂಚೆ ಕಟ್ಟಿದ ಏಕ್ ಮಿನಾರ್ ಮಸೀದಿ ನೋಡಿ, ಆ ಮುತ್ತಿಗೆಯ ಹೊತ್ತಿಗೆ ಅದು ಹೊಸ ಕಟ್ಟಡ. ಗೋಡೆಯ ಬುಡದಲ್ಲಿ ನಿಂತು ಮೇಲೆ ನೋಡಿ, ಹಾರೆ ಹಿಡಿದು ಇಲ್ಲಿಗೆ ಬಂದವನ ಜಾಗದಲ್ಲಿ ನಿಂತಂತಾಗುತ್ತದೆ. ದೊಡ್ಡವರ ಜೊತೆ ಹೋಗಿ, ಗುಡ್ಡದ ಮೇಲೆ ಹತ್ತುವಾಗ ಹುಷಾರು, ಕಲ್ಲಿನ ಮೇಲೆ ಹೆಸರು ಗೀಚಬೇಡಿ.

ಯುದ್ಧ ಆದ ಮೇಲೆ ರಾಯಚೂರು ವಿಜಯನಗರದ ಕೈಯಲ್ಲೇ ಉಳಿಯಿತಾ?

ಇಲ್ಲ. ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ಸ್ವಲ್ಪ ದಿನಕ್ಕೇ ಇಸ್ಮಾಯಿಲ್ ಆದಿಲ್ ಶಾಹ ರಾಯಚೂರು, ಮುದ್ಗಲ್ ಎರಡನ್ನೂ ವಾಪಸ್ ಗೆದ್ದ. ಆಮೇಲೂ ಕೈ ಬದಲಾಗುತ್ತಲೇ ಇತ್ತು. ಹೆಚ್ಚಿನ ಪ್ರಾಜೆಕ್ಟ್‌ಗಳು 1520ರ ಗೆಲುವಿಗೇ ಮುಗಿದುಬಿಡುತ್ತವೆ. ನೀವು ಈ ಮೂರು ಸಾಲು ಸೇರಿಸಿ.

ಕೊನೆಯಲ್ಲಿ ಆಧಾರಗಳನ್ನು ಹೇಗೆ ಬರೆಯಬೇಕು? "ಗೂಗಲ್" ಅಂತ ಬರೆದರೆ ಸಾಕಾ?

ಸಾಲದು. ಗೂಗಲ್ ಹುಡುಕಿಕೊಟ್ಟಿತು, ಬರೆದದ್ದು ಬೇರೆಯವರು. ಪುಸ್ತಕವಾದರೆ ಬರೆದವರ ಹೆಸರು, ಪುಸ್ತಕದ ಹೆಸರು, ವರ್ಷ, ಪುಟ, ನೀವು ಓದಿದ ಜಾಲತಾಣ. ಅನುವಾದವಾದರೆ ಅನುವಾದಕರ ಹೆಸರು. ನೂನಿಜ್ ಬರೆದದ್ದು ಪೋರ್ಚುಗೀಸಿನಲ್ಲಿ, ನೀವು ಓದಿದ್ದು ಸೀವೆಲ್ ಇಂಗ್ಲಿಷ್, ಬರೆಯುತ್ತಿರುವುದು ಕನ್ನಡ, ಮೂರೂ ಕಾಣಬೇಕು. ಜಾಲಪುಟವಾದರೆ ಪುಟದ ಹೆಸರು, ನೋಡಿದ ತಾರೀಖು. ಕೋಟೆಯಲ್ಲಿ ಯಾರಾದರೂ ಹಿರಿಯರು ಏನಾದರೂ ಹೇಳಿದರೆ ಅವರನ್ನು ಕೇಳಿ, ಒಪ್ಪಿದರೆ ಅವರ ಹೆಸರನ್ನೂ ಬರೆಯಿರಿ. ಇದನ್ನು ಕೊನೆ ದಿನಕ್ಕೆ ಇಟ್ಟುಕೊಳ್ಳಬೇಡಿ, ಓದುತ್ತಾ ಓದುತ್ತಾ ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು ಹೋಗಿ.